ಅಪ್ಪ ಎಚ್‌ಎಎಲ್‌ನಲ್ಲಿದ್ದರು ಅಂತ ಬರೆಯಲೋ, ಬಿಡಲೋ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಬೇಕಾದ ಅನುಮತಿ, ಅದರ ಬಗ್ಗೆಯೇ. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ವರ್ಜೀನಿಯಾದಲ್ಲಿ, ಅಲ್ಲಿನ ರಕ್ಷಣಾ ಇಲಾಖೆಯ ಕೆಲಸ ಮಾಡಿಕೊಡುವ ಕಂಪನಿಯೊಂದರಲ್ಲಿ ಫೆಸಿಲಿಟಿ ಸೆಕ್ಯುರಿಟಿ ಆಫೀಸರ್ ಆಗಿದ್ದು ನಿವೃತ್ತಳಾದವಳು. ನೌಕರರ ಕ್ಲಿಯರೆನ್ಸ್ ಅರ್ಜಿ ನೋಡಿ ಕಳಿಸುವುದು, ಆಮೇಲೆ ಅವರು ತಿಳಿಸಬೇಕಾದ್ದನ್ನೆಲ್ಲ ಮೇಲಕ್ಕೆ ತಿಳಿಸುವುದು ನನ್ನ ಕೆಲಸವಾಗಿತ್ತು. ಕೊಡುವುದು ಬಿಡುವುದು ಸರ್ಕಾರದ ಕೈಯಲ್ಲಿತ್ತು. ನಾನು ವಕೀಲೆ ಅಲ್ಲ. ನಿಮ್ಮ ಕೈಗೆ ಸರ್ಕಾರದ ನೋಟಿಸ್ ಬಂದಿದ್ದರೆ ಈ ಅಂಕಣ ಸಾಲದು, ವಕೀಲರ ಹತ್ತಿರ ಹೋಗಿ.

ಪ್ರಶ್ನೆ: ಅಕ್ಕ, ನಾನು ಸಾಫ್ಟ್‌ವೇರ್ ಎಂಜಿನಿಯರ್. 2021ರಲ್ಲಿ ಅಮೆರಿಕದ ಪ್ರಜೆಯಾದೆ. ಈಗ ಸೀಕ್ರೆಟ್ ಕ್ಲಿಯರೆನ್ಸ್ ಬೇಕಾದ ಕೆಲಸವೊಂದು ಸಿಕ್ಕಿದೆ. ಅಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಮ್ಮ ಮನೆಯಲ್ಲೇ. ವಾರಕ್ಕೆ ಎರಡು ಮೂರು ಸಲ ವಾಟ್ಸಾಪ್‌ನಲ್ಲಿ ಮಾತಾಡುತ್ತೇವೆ. ತಿಂಗಳಿಗಿಷ್ಟು ಅಂತ ದುಡ್ಡೂ ಕಳಿಸುತ್ತೇನೆ. ಎಚ್‌ಎಎಲ್ ವಿಷಯ ಬರೆಯಬೇಡ, ಅಪ್ಪ ಖಾಸಗಿ ಕಂಪನಿಯಲ್ಲಿದ್ದರು ಅಂತ ಹಾಕು, ಮಾತಾಡುವುದು ತಿಂಗಳಿಗೊಮ್ಮೆ ಅಂತ ಬರಿ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?
— ಓದುಗ, ಹಂಟ್ಸ್‌ವಿಲ್, ಅಲಬಾಮ

ಬರೆಯಿರಿ. ಎಚ್‌ಎಎಲ್ ಅಂತಲೇ ಬರೆಯಿರಿ. ಯಾವ ವಿಭಾಗ, ಯಾವ ಹುದ್ದೆ, ನಿವೃತ್ತಿ ಯಾವಾಗ ಅನ್ನುವುದನ್ನು ಅಪ್ಪನನ್ನೇ ಕೇಳಿ, ಒಂದು ಕಡೆ ಗುರುತು ಹಾಕಿಕೊಳ್ಳಿ. ನಿಮ್ಮ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಮಾತು ಕೇಳಿದರೆ ಇಲ್ಲದ ತೊಂದರೆಯನ್ನು ನೀವೇ ತಂದುಕೊಂಡ ಹಾಗೆ.

ನೀವು ತುಂಬುವ ಅರ್ಜಿ ಎಸ್‌ಎಫ್-86. ಅದರ 18ನೇ ಭಾಗ ಬಂಧುಗಳದ್ದು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಅತ್ತೆ, ಮಾವ ಎಲ್ಲರೂ ಅಲ್ಲಿ ಬರುತ್ತಾರೆ. ಬೇರೆ ದೇಶದ ಪ್ರಜೆಗಳಾಗಿ ಹೊರಗೆ ಇರುವವರ ಬಗ್ಗೆ ಇನ್ನಷ್ಟು ಕೇಳುತ್ತಾರೆ. ಹೇಗೆ ಮಾತಾಡುತ್ತೀರಿ, ಎಷ್ಟು ದಿನಕ್ಕೊಮ್ಮೆ, ಅವರ ಕೆಲಸ ಎಲ್ಲಿ, ಅಲ್ಲಿನ ಸರ್ಕಾರ, ಸೇನೆ, ರಕ್ಷಣಾ ಉದ್ಯಮ, ಗುಪ್ತಚರ ಸಂಸ್ಥೆ ಇವುಗಳ ಜೊತೆ ಸಂಬಂಧ ಇದೆಯಾ ಅಂತ. ಎಚ್‌ಎಎಲ್ ಭಾರತದ ರಕ್ಷಣಾ ಸಚಿವಾಲಯದ ಕೆಳಗಿರುವ ಸಂಸ್ಥೆ. ತೇಜಸ್ ಯುದ್ಧವಿಮಾನ ಕಟ್ಟುವುದೇ ಅಲ್ಲಿ. ಅದನ್ನು ಖಾಸಗಿ ಕಂಪನಿ ಅಂತ ಬರೆದರೆ ಅದು ನೇರವಾದ ಸುಳ್ಳು. ಬೇಕೆಂದೇ ಸುಳ್ಳು ಬರೆದವರಿಗೆ ಅಮೆರಿಕದ ಕಾನೂನಿನಲ್ಲಿ 5 ವರ್ಷದವರೆಗೂ ಜೈಲು ಶಿಕ್ಷೆ ಇದೆ. ಕೇಸು ಅಷ್ಟು ದೂರ ಹೋಗುವುದು ಅಪರೂಪ ಅಂದುಕೊಳ್ಳೋಣ. ಆದರೂ ಸುಳ್ಳು ಸಿಕ್ಕಿಬಿದ್ದರೆ ಕ್ಲಿಯರೆನ್ಸ್ ಆಸೆ ಅಲ್ಲಿಗೆ ಮುಗಿದ ಹಾಗೆಯೇ. ಅಪ್ಪನ ಕೆಲಸದ ಬಗ್ಗೆ ವಿವರಣೆ ಕೊಡಬಹುದು. ಮುಚ್ಚಿಟ್ಟದ್ದಕ್ಕೆ ಏನಂತ ವಿವರಣೆ ಕೊಡುತ್ತೀರಿ?

ಈಗ ನಿಜವಾದ ಚಿಂತೆಗೆ ಬರೋಣ. ಬರೆದ ಮೇಲೆ ಏನಾಗುತ್ತದೆ? ಕ್ಲಿಯರೆನ್ಸ್ ಫೈಲುಗಳನ್ನು ಅಳೆಯುವುದು 13 ಮಾನದಂಡಗಳಿಂದ, ಎ ಇಂದ ಎಂ ತನಕ. ಈಗ ಜಾರಿಯಲ್ಲಿರುವ ರೂಪ 2017ರ ಜೂನ್ 8ರಿಂದ ನಡೆಯುತ್ತಿದೆ. ನಿಮಗೆ ತಗಲುವುದು ‘ಬಿ’, ಅಂದರೆ ವಿದೇಶಿ ಪ್ರಭಾವ. ಇದನ್ನು ನಮ್ಮವರು ತುಂಬಾ ತಪ್ಪಾಗಿ ತಿಳಿಯುತ್ತಾರೆ. ನಿಮ್ಮ ನಿಷ್ಠೆ ಯಾವ ದೇಶಕ್ಕೆ ಅಂತ ಅಲ್ಲಿ ಕೇಳುತ್ತಿಲ್ಲ. ಅದಕ್ಕೆ ‘ಎ’ ಬೇರೆ ಇದೆ. ‘ಬಿ’ ಕೇಳುವುದು ಇಷ್ಟು: ನಿಮ್ಮ ಅಪ್ಪನನ್ನು ಹಿಡಿದುಕೊಂಡು ಯಾರಾದರೂ ನಿಮ್ಮ ಮೇಲೆ ಒತ್ತಡ ತರಬಹುದೇ? ತಂದರೆ ನೀವು ಯಾರ ಕಡೆ ನಿಲ್ಲುತ್ತೀರಿ? ಯಾವ ದೇಶ ಅನ್ನುವುದೂ ಮುಖ್ಯ. ಟೆಹ್ರಾನಿನಲ್ಲೋ ಬೀಜಿಂಗಿನಲ್ಲೋ ಇರುವ ಅಪ್ಪನಿಗೂ ಬೆಂಗಳೂರಿನಲ್ಲಿರುವ ಅಪ್ಪನಿಗೂ ತೂಕ ಒಂದೇ ಅಲ್ಲ. ಹಾಗಂತ ಭಾರತ ಮಿತ್ರದೇಶ, ಯಾರೂ ಕೇಳುವುದಿಲ್ಲ ಅಂತ ಸುಮ್ನೆ ಕೂರಬೇಡಿ. ಅಮೆರಿಕದ ಕೆಲವು ತಂತ್ರಜ್ಞಾನಗಳು ಕಾನೂನು ಮೀರಿ ಭಾರತಕ್ಕೆ ಹೋದ ಪ್ರಕರಣಗಳನ್ನು ಅವರು ಮರೆತಿಲ್ಲ. ರಕ್ಷಣಾ ಉದ್ಯಮದ ಹೆಸರು ಕಂಡ ಕೂಡಲೇ ನಾಲ್ಕು ಪ್ರಶ್ನೆ ಜಾಸ್ತಿ ಬಂದೇ ಬರುತ್ತವೆ.

ಆ ಪ್ರಶ್ನೆಗಳು ಎಂಥವು ಅಂತ ಹೇಳುತ್ತೇನೆ, ಯಾಕೆಂದರೆ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ಫೈಲಿನಲ್ಲಿ ಕೇಳಬೇಕಾದ್ದಿದ್ದರೆ ಇನ್ವೆಸ್ಟಿಗೇಟರ್ ನಿಮ್ಮ ಎದುರು ಕೂರುತ್ತಾರೆ. ಅರ್ಜಿಯನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಬರುತ್ತಾರೆ. ಅಪ್ಪ ಅಲ್ಲಿ ಏನು ಕೆಲಸ ಮಾಡುತ್ತಿದ್ದರು? ಹಳೆಯ ಸಹೋದ್ಯೋಗಿಗಳ ಜೊತೆ ಈಗಲೂ ಒಡನಾಟ ಇದೆಯಾ? ನಿಮ್ಮ ಕೆಲಸದ ಬಗ್ಗೆ ಕೇಳುತ್ತಾರಾ? ಈ ಕ್ಲಿಯರೆನ್ಸ್ ವಿಷಯ ಅವರಿಗೆ ಗೊತ್ತಾ? ಕೊನೆಯ ಸಲ ಮಾತಾಡಿದ್ದು ಯಾವಾಗ? ಧ್ವನಿ ಜೋರಿರುವುದಿಲ್ಲ, ಬೆದರಿಸುವುದೂ ಇಲ್ಲ. ಗೊತ್ತಿದ್ದದ್ದನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಅಪ್ಪ ಒಂದು ಸಾಧಾರಣ ಹುದ್ದೆಯಲ್ಲಿದ್ದು ನಿವೃತ್ತರಾಗಿ, ಈಗ ಬೆಳಿಗ್ಗೆ ವಾಕಿಂಗ್ ಹೋಗಿ ಬಂದು ಪೇಪರ್ ಓದುತ್ತಾರೆ ಅಂದರೆ ಅದನ್ನೇ ಹೇಳಿ.

ಇನ್ನು ಫೋನಿನ ವಿಷಯ. ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಕ್ಲಿಯರೆನ್ಸ್‌ಗಾಗಿ ಅಮ್ಮನಿಗೆ ಫೋನ್ ಮಾಡುವುದನ್ನು ಕಡಿಮೆ ಮಾಡಿದವರನ್ನು ನಾನು ಕಂಡಿದ್ದೇನೆ. ನೋಡಿ ಹೊಟ್ಟೆ ಉರಿದಿದೆ. ಅದರಿಂದ ಒಂದು ಕಾಸಿನ ಪ್ರಯೋಜನವಿಲ್ಲ. ಅಪರೂಪದ, ಹಾಯ್ ಬಾಯ್ ಮಟ್ಟದ ಪರಿಚಯಕ್ಕೆ ರಿಯಾಯಿತಿ ಇದೆ, ನಿಜ. ಆದರೆ ಹೆತ್ತವರ ವಿಷಯದಲ್ಲಿ ಪ್ರೀತಿ ಇದ್ದೇ ಇರುತ್ತದೆ ಅಂತ ಅವರು ಹಿಡಿದುಕೊಂಡೇ ಶುರು ಮಾಡುತ್ತಾರೆ. ವಾರಕ್ಕೆ ಮೂರು ಸಲ ಮಾತಾಡಿದರೂ ಅಮ್ಮ ಅಮ್ಮನೇ, ತಿಂಗಳಿಗೊಮ್ಮೆ ಮಾತಾಡಿದರೂ ಅಮ್ಮನೇ. ಫೈಲಿನಲ್ಲಿ ತೂಕ ಬದಲಾಗುವುದು ಇನ್ನೊಂದು ಕಡೆಯಿಂದ. ಅಮೆರಿಕದಲ್ಲಿ ನಿಮ್ಮ ಬೇರು ಎಷ್ಟು ಇಳಿದಿದೆ? ಹೆಂಡತಿ ಮಕ್ಕಳು ಅಲ್ಲಿನ ಪ್ರಜೆಗಳಾ, ಮನೆ ಇದೆಯಾ, ಎಷ್ಟು ವರ್ಷದಿಂದ ಕೆಲಸ, ಟ್ಯಾಕ್ಸ್ ಸರಿಯಾಗಿ ಕಟ್ಟಿದ್ದೀರಾ, ಉಳಿತಾಯ ಎಲ್ಲಿದೆ? ಇವಕ್ಕೆಲ್ಲ ಕಾಗದ ಜೋಡಿಸಿಕೊಳ್ಳಿ. ಅಪ್ಪ ಅಮ್ಮನಿಗೆ ಕಳಿಸುವ ದುಡ್ಡಿನ ಬಗ್ಗೆ 20ನೇ ಭಾಗದಲ್ಲಿ ಪ್ರಶ್ನೆ ಇದೆ. ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವ ಬ್ಯಾಂಕ್ ಮೂಲಕ ಅಂತ ಬರೆಯಿರಿ. ವಯಸ್ಸಾದವರ ಔಷಧಿ, ಮನೆ ಖರ್ಚಿಗೆ ಮಗ ದುಡ್ಡು ಕಳಿಸುವುದನ್ನು ಯಾರೂ ಅಪರಾಧ ಅಂತ ನೋಡುವುದಿಲ್ಲ.

ಒಂದು ಎಚ್ಚರಿಕೆ. ಪೂರ್ತಿ ತನಿಖೆಗೆ ಮುಂಚೆ ಇಂಟೆರಿಮ್ ಅಂತ ತಾತ್ಕಾಲಿಕ ಕ್ಲಿಯರೆನ್ಸ್ ಕೊಡುವುದುಂಟು. ಹೊರದೇಶದ ಬಂಧುಗಳಿದ್ದವರಿಗೆ ಅದು ಸಿಗದೇ ಹೋಗಬಹುದು, ಅದಕ್ಕೆ ಮೇಲ್ಮನವಿಯೂ ಇಲ್ಲ. ಅಷ್ಟಕ್ಕೇ ಕೈಚೆಲ್ಲಬೇಡಿ. ಇಂಟೆರಿಮ್ ಸಿಗದವರಿಗೂ ಆಮೇಲೆ ಪೂರ್ತಿ ಕ್ಲಿಯರೆನ್ಸ್ ಬಂದಿದೆ. ಕಂಪನಿಗೆ ಮಾತ್ರ ಮೊದಲೇ ಹೇಳಿಡಿ, ಕಾಯಲು ತಯಾರಿರಲಿ. ಅನುಮಾನ ಉಳಿದರೆ ‘ಸ್ಟೇಟ್‌ಮೆಂಟ್ ಆಫ್ ರೀಸನ್ಸ್’ ಅಂತ ಕಾರಣಗಳ ಪತ್ರ ಬರುತ್ತದೆ. ಕಂಪನಿ ನೌಕರರು ಸಾಮಾನ್ಯವಾಗಿ 20 ದಿನದೊಳಗೆ ಉತ್ತರ ಕೊಡಬೇಕು. ಬೇಕಿದ್ದರೆ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು. ಇದನ್ನು ನಡೆಸುವುದು ರಕ್ಷಣಾ ಇಲಾಖೆಯ ‘ಡಿಫೆನ್ಸ್ ಆಫೀಸ್ ಆಫ್ ಹಿಯರಿಂಗ್ಸ್ ಅಂಡ್ ಅಪೀಲ್ಸ್’, ಎಲ್ಲರೂ ಚಿಕ್ಕದಾಗಿ ಡೋಹಾ ಅಂತ ಕರೆಯುತ್ತಾರೆ. ಅದರ ತೀರ್ಪುಗಳು ಅರ್ಜಿದಾರರ ಹೆಸರಿಲ್ಲದೆ ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಭಾರತದಲ್ಲಿ ಅಪ್ಪ ಅಮ್ಮ ಇರುವವರ ಪ್ರಕರಣಗಳನ್ನು ಹುಡುಕಿ ಓದಿ. ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ, ಯಾಕೆ ಅನ್ನುವುದು ಅಲ್ಲೇ ಬರೆದಿರುತ್ತದೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1988ರ ಈಗನ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಸಂಶಯ ಉಳಿದರೆ ಅದರ ಲಾಭ ದೇಶದ ಭದ್ರತೆಗೆ, ನಿಮಗಲ್ಲ. ಅದಕ್ಕೇ ಸಂಶಯಕ್ಕೆ ನೀವಾಗಿ ಜಾಗ ಮಾಡಿಕೊಡಬಾರದು.

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಿಂದ ಟೊರಾಂಟೋಗೆ ಹೋಗಿ 2009ರಲ್ಲಿ ಕೆನಡಾ ಪ್ರಜೆಯಾದೆ. ಆಮೇಲೆ ಟೆಕ್ಸಾಸ್‌ಗೆ ಬಂದು 2019ರಲ್ಲಿ ಅಮೆರಿಕದ ಪ್ರಜೆಯೂ ಆದೆ. ಕೆನಡಾ ಪಾಸ್‌ಪೋರ್ಟ್ ಇನ್ನೂ ಚಾಲ್ತಿಯಲ್ಲಿದೆ. ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಇದೆ. ರದ್ದಾದ ಹಳೆಯ ಭಾರತೀಯ ಪಾಸ್‌ಪೋರ್ಟೂ ಇದೆ. ನನಗೆ ಮೂರು ದೇಶದ ಪೌರತ್ವ ಇದೆ ಅಂತ ಲೆಕ್ಕ ಹಾಕುತ್ತಾರಾ? ಎಲ್ಲ ವಾಪಸ್ ಕೊಟ್ಟುಬಿಡಲಾ?
— ಓದುಗ, ಫೋರ್ಟ್ ವರ್ತ್, ಟೆಕ್ಸಾಸ್

ಮೂರಲ್ಲ, ಎರಡು. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣ ಭಾರತದ್ದು ಹೋಗುತ್ತದೆ. ನಿಮ್ಮದು ಹೋಗಿದ್ದು 2009ರಲ್ಲೇ, ಕೆನಡಾದಲ್ಲಿ ಪ್ರಮಾಣ ಮಾಡಿದಾಗ. ಓಸಿಐ ಪೌರತ್ವ ಅಲ್ಲ. ವೋಟಿಲ್ಲ, ಚುನಾವಣೆಗೆ ನಿಲ್ಲುವ ಹಾಗಿಲ್ಲ, ಭಾರತದ ಪಾಸ್‌ಪೋರ್ಟ್ ಸಿಗುವುದಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಬೇಕಾದಾಗ ವೀಸಾ ಇಲ್ಲದೆ ಬಂದು ಇರಬಹುದು, ಮುಖ್ಯವಾಗಿ ಅಷ್ಟೇ. ಆದರೆ ಅಮೆರಿಕದ ಇನ್ವೆಸ್ಟಿಗೇಟರ್‌ಗೆ ಇದೆಲ್ಲ ಗೊತ್ತಿರಲೇಬೇಕು ಅಂತಿಲ್ಲ. ಅರ್ಜಿಯಲ್ಲಿ ಟಿಪ್ಪಣಿಗೆ ಜಾಗ ಇರುತ್ತದೆ. ಅಲ್ಲಿ ಎರಡು ಸಾಲಿನಲ್ಲಿ ಓಸಿಐ ಇದೆ, ಅದು ಇಂಥದ್ದು ಅಂತ ಬರೆದುಬಿಡಿ.

10ನೇ ಭಾಗದಲ್ಲಿ ಎರಡು ಪೌರತ್ವದ ಪ್ರಶ್ನೆಗೆ ಕೆನಡಾ ಅಂತ ಬರೆಯಬೇಕು. ಬೇರೆ ದೇಶ ಎಂದಾದರೂ ಪಾಸ್‌ಪೋರ್ಟ್ ಕೊಟ್ಟಿತ್ತಾ ಅನ್ನುವುದಕ್ಕೆ ಕೆನಡಾದ್ದೂ ಬರೆಯಬೇಕು, ಭಾರತದ್ದೂ ಬರೆಯಬೇಕು. ಎಂದಾದರೂ ಅನ್ನುವುದನ್ನು ಗಮನಿಸಿ, ರದ್ದಾಗಿದ್ದರೂ ಅದು ಲೆಕ್ಕಕ್ಕಿದೆ. ಮೂಲೆ ಕತ್ತರಿಸಿ ಕ್ಯಾನ್ಸಲ್ ಮುದ್ರೆ ಒತ್ತಿದ ಆ ಪುಸ್ತಕವನ್ನೂ, ಜೊತೆಗೆ ಕೊಟ್ಟ ಸರೆಂಡರ್ ಸರ್ಟಿಫಿಕೇಟನ್ನೂ ಬಿಸಾಡಬೇಡಿ. ನಂಬರು, ಕೊಟ್ಟ ದಿನಾಂಕ, ಓಡಾಡಿದ ದೇಶಗಳು ಎಲ್ಲ ಅದರಲ್ಲೇ ಇರುತ್ತವೆ.

ವಾಪಸ್ ಕೊಡಬೇಕಾ ಅಂದರೆ, ಈಗ ಬೇಕಿಲ್ಲ. ಮೊದಲು ಹೀಗಿರಲಿಲ್ಲ. 2000ದಿಂದ 2017ರ ತನಕ ಬೇರೆ ದೇಶದ ಚಾಲ್ತಿ ಪಾಸ್‌ಪೋರ್ಟ್ ಕೈಯಲ್ಲಿದ್ದರೆ ಸಾಕು, ಅದೇ ಒಂದು ಅಡ್ಡಿ. ಒಪ್ಪಿಸಬೇಕು, ಇಲ್ಲವೇ ನಾಶ ಮಾಡಬೇಕು. ಎಷ್ಟೋ ಜನ ಅದನ್ನು ತಂದು ನಮ್ಮಂಥ ಸೆಕ್ಯುರಿಟಿ ಆಫೀಸರ್ ಕೈಗೆ ಕೊಡುತ್ತಿದ್ದರು. ನಾವು ಲಕೋಟೆಗೆ ಹಾಕಿ, ಹೆಸರು ಬರೆದು, ಸೇಫ್‌ನಲ್ಲಿ ಇಡುತ್ತಿದ್ದೆವು. ಊರಲ್ಲಿ ಸಾವಾಯಿತು, ಪಾಸ್‌ಪೋರ್ಟ್ ಕೊಡಿ ಅಂತ ಬಂದರೆ ಕೊಟ್ಟು, ಕೊಟ್ಟೆವು ಅಂತ ಮೇಲಕ್ಕೆ ವರದಿ ಮಾಡಬೇಕಿತ್ತು. 2017ರ ನಿಯಮ ಇದನ್ನು ಸಡಿಲಿಸಿತು. ಎರಡು ಪೌರತ್ವ ಇರುವುದೇ ತಪ್ಪಲ್ಲ, ಪಾಸ್‌ಪೋರ್ಟ್ ಇರುವುದೂ ತಪ್ಪಲ್ಲ. ಮುಚ್ಚಿಟ್ಟರೆ ತಪ್ಪು. ಅಮೆರಿಕದ ಒಳಗೆ ಬರಲು, ಹೊರಗೆ ಹೋಗಲು ಬೇರೆ ದೇಶದ ಪಾಸ್‌ಪೋರ್ಟ್ ತೋರಿಸಿದರೆ ತಪ್ಪು. ಅಮೆರಿಕಕ್ಕಿಂತ ಆ ದೇಶವೇ ಮೇಲು ಅನ್ನುವ ಹಾಗೆ ನಡೆದುಕೊಂಡರೆ ತಪ್ಪು. ನನಗೆ ಇದು ನ್ಯಾಯವಾದ ಬದಲಾವಣೆ ಅನಿಸಿತು. ಪಾಸ್‌ಪೋರ್ಟ್ ಇಲ್ಲದಿದ್ದ ಮಾತ್ರಕ್ಕೆ ಮನುಷ್ಯ ನಂಬಿಕಸ್ಥ ಆಗಿಬಿಡುವುದಿಲ್ಲ. ಕ್ಯೂಬಾಕ್ಕೆ ಗುಟ್ಟು ಕೊಟ್ಟು 2001ರಲ್ಲಿ ಸಿಕ್ಕಿಬಿದ್ದ ಅನಾ ಮಾಂಟೆಸ್, ರಷ್ಯಾಕ್ಕೆ ಮಾರಿದ ರಾಬರ್ಟ್ ಹ್ಯಾನ್ಸನ್, ಆಲ್ಡ್ರಿಚ್ ಏಮ್ಸ್, ಮೂವರೂ ಹುಟ್ಟಿನಿಂದ ಅಮೆರಿಕದ ಪ್ರಜೆಗಳೇ.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟೇ. ಅಮೆರಿಕದ ಗಡಿಯಲ್ಲಿ ಯಾವತ್ತೂ ಅಮೆರಿಕದ ಪಾಸ್‌ಪೋರ್ಟೇ ತೋರಿಸಿ. ಕೆನಡಾದ ಚುನಾವಣೆಯಲ್ಲಿ ವೋಟು ಹಾಕಿದ್ದರೆ, ಅಲ್ಲಿನ ಪಿಂಚಣಿ ಬರುವುದಿದ್ದರೆ ಬರೆಯಿರಿ, ಎರಡಕ್ಕೂ 20ನೇ ಭಾಗದಲ್ಲಿ ಪ್ರಶ್ನೆ ಇದೆ. ಅಗತ್ಯ ಬಿದ್ದರೆ ಕೆನಡಾ ಪೌರತ್ವ ಬಿಡಲು ತಯಾರಿದ್ದೀರಾ ಅಂತ ಕೇಳಬಹುದು. ಆ ಉತ್ತರವನ್ನು ಇಂದೇ ಮನೆಯಲ್ಲಿ ಕೂತು ಯೋಚಿಸಿ. ಟೊರಾಂಟೋದಲ್ಲಿ ಅಣ್ಣ ತಮ್ಮಂದಿರು ಇದ್ದರೆ ಅದು ಸುಲಭದ ಮಾತಲ್ಲ.

ಪ್ರಶ್ನೆ: ನಮಸ್ಕಾರ. ಗ್ರೀನ್ ಕಾರ್ಡ್ ಇದ್ದವರು ಕ್ಲಿಯರೆನ್ಸ್‌ಗೆ ಅರ್ಜಿ ಹಾಕಬಹುದಾ?
— ಓದುಗಿ, ಸ್ಯಾನ್ ಡಿಯಾಗೋ

ಇಲ್ಲ. ಅಮೆರಿಕದ ಪ್ರಜೆಗಳಿಗೆ ಮಾತ್ರ. ಬೇರೆ ಯಾರೂ ಸಿಗದ ವಿಶೇಷ ಪರಿಣತಿ ಇದ್ದವರಿಗೆ ಅಪರೂಪಕ್ಕೆ ಸೀಮಿತ ಅನುಮತಿ ಕೊಡುತ್ತಾರೆ, ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಆದರೆ ಐಟಾರ್, ಅಂದರೆ ಅಮೆರಿಕದ ಶಸ್ತ್ರಾಸ್ತ್ರ ರಫ್ತು ನಿರ್ಬಂಧದ ಕೆಳಗೆ ಬರುವ ಕೆಲಸ ಬೇರೆ. ಅದರ ನಿಯಮ ಗ್ರೀನ್ ಕಾರ್ಡ್ ಇದ್ದವರನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಅಂಥ ಕಂಪನಿಗಳಲ್ಲಿ ಕೆಲಸ ಹುಡುಕಿ, ಪ್ರಜೆಯಾದ ಮೇಲೆ ಕ್ಲಿಯರೆನ್ಸ್ ನೋಡಿಕೊಳ್ಳಿ.

ಪ್ರಶ್ನೆ: ಅಕ್ಕ, ನನಗೆ ಟಾಪ್ ಸೀಕ್ರೆಟ್ ಕ್ಲಿಯರೆನ್ಸ್ ಇದೆ. ಹೋದ ವರ್ಷ ಅಪ್ಪ ತೀರಿಕೊಂಡರು. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಅಣ್ಣ ಪೌತಿ ಖಾತೆ ಮಾಡಿಸಿ, ಪಹಣಿ ಫೋಟೋ ವಾಟ್ಸಾಪ್‌ಗೆ ಹಾಕಿದ. ಅಣ್ಣ, ತಮ್ಮ, ಅಮ್ಮನ ಜೊತೆ ನನ್ನ ಹೆಸರೂ ಇದೆ. ನಾನು ಕೇಳಿರಲೂ ಇಲ್ಲ. ಇದನ್ನು ಆಫೀಸಿಗೆ ಹೇಳಬೇಕಾ? ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿಬಿಡಲಾ? ವರ್ಷಾಬ್ದಿಕಕ್ಕೆ ಊರಿಗೆ ಹೋಗುವುದಿದೆ.
— ಓದುಗಿ, ಮೇರಿಲ್ಯಾಂಡ್

ಅಪ್ಪನ ವಿಷಯ ಓದಿ ಬೇಸರವಾಯಿತು. ನಾನೂ ಆ ಕಡೆಯವಳೇ. ತೋಟದ ಮನೆಯಲ್ಲಿ ಯಜಮಾನರು ಹೋದ ಮೇಲೆ ಏನು ಖಾಲಿ ಅನಿಸುತ್ತದೆ ಅಂತ ಗೊತ್ತು.

ಹೇಳಬೇಕು, ಈಗಲೇ ಹೇಳಬೇಕು. ಟಾಪ್ ಸೀಕ್ರೆಟ್ ಇರುವವರು ಹೊರದೇಶದ ಆಸ್ತಿ, ಬ್ಯಾಂಕ್ ಖಾತೆಗಳನ್ನು ಮುಂದಿನ ಪರಿಶೀಲನೆಯ ತನಕ ಕಾಯದೆ ತಿಳಿಸಬೇಕು ಅಂತ 2017ರಿಂದ ನಿಯಮ ಇದೆ. ನೀವು ಕೇಳಿರಲಿ ಬಿಡಲಿ, ಹೆಸರು ಬಂದಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಓಸಿಐ ಇದ್ದವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ಆದರೆ ಉತ್ತರಾಧಿಕಾರದಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಸರ್ವೆ ನಂಬರ್, ಎಕರೆ ಗುಂಟೆ ಲೆಕ್ಕ, ನಿಮ್ಮ ಪಾಲಿಗೆ ಬರಬಹುದಾದ ಅಂದಾಜು ಬೆಲೆ, ಬಂದದ್ದು ಹೇಗೆ ಅನ್ನುವುದನ್ನು ಅರ್ಧ ಪುಟದಲ್ಲಿ ಬರೆದು ಸೆಕ್ಯುರಿಟಿ ಆಫೀಸರ್‌ಗೆ ಕೊಡಿ. ಪಹಣಿ ಕನ್ನಡದಲ್ಲಿರುತ್ತದೆ. ಅದರ ಪ್ರತಿ ಜೊತೆಗೆ ಇಂಗ್ಲಿಷ್‌ನಲ್ಲಿ ಒಂದು ವಿವರಣೆ ಲಗತ್ತಿಸಿ. ಜಂಟಿ ಖಾತೆ, ಇನ್ನೂ ಪಾಲಾಗಿಲ್ಲ ಅನ್ನುವುದನ್ನು ಬಿಡಿಸಿ ಹೇಳಿ, ಅಲ್ಲಿನವರಿಗೆ ಇದು ತಾನಾಗಿ ಅರ್ಥ ಆಗುವ ವಿಷಯ ಅಲ್ಲ.

ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಅವಸರ ಬೇಡ. ತೋಟ ಅಣ್ಣನೇ ನೋಡಿಕೊಳ್ಳುತ್ತಾನೆ, ಅವನಿಗೇ ಇರಲಿ ಅಂತ ನಿಮ್ಮ ಮನಸ್ಸಿಗೆ ಬಂದರೆ ಅದು ಬೇರೆ. ಕ್ಲಿಯರೆನ್ಸ್ ಹೆದರಿಕೆಗೆ ಬೇಡ. ಅವರು ನೋಡುವುದು, ಈ ಆಸ್ತಿ ಕಳೆದುಕೊಳ್ಳುವ ಭಯಕ್ಕೆ ನೀವು ಬಗ್ಗುತ್ತೀರಾ ಅನ್ನುವುದನ್ನು. ಮೇರಿಲ್ಯಾಂಡ್‌ನ ಮನೆ, ರಿಟೈರ್‌ಮೆಂಟ್ ಖಾತೆ, ಸಂಬಳ ಇವುಗಳ ಪಕ್ಕ ತೋಟದ ಕಾಲು ಪಾಲು ಇಟ್ಟರೆ ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ, ಅದನ್ನೂ ಬರೆಯಿರಿ. ಫಸಲಿನ ದುಡ್ಡು ಭಾರತದ ಬ್ಯಾಂಕಿನಲ್ಲಿರುವ ನಿಮ್ಮ ಎನ್‌ಆರ್‌ಓ ಖಾತೆಗೆ ಬರುವುದಾದರೆ ಎಫ್‌ಬಾರ್, ಅಂದರೆ ಹೊರದೇಶದ ಖಾತೆಗಳ ಬಗ್ಗೆ ಅಮೆರಿಕದ ಸರ್ಕಾರಕ್ಕೆ ಕೊಡುವ ವರದಿ, ಮರೆಯಬೇಡಿ. ವರ್ಷದಲ್ಲಿ ಒಂದು ದಿನವಾದರೂ ಹೊರದೇಶದ ಖಾತೆಗಳೆಲ್ಲ ಸೇರಿ 10,000 ಡಾಲರ್ ದಾಟಿದರೆ ತಿಳಿಸಲೇಬೇಕು. ತೋಟಕ್ಕಿಂತ ಇಂಥ ಟ್ಯಾಕ್ಸ್ ಕಾಗದ ತಪ್ಪಿಸಿದ್ದೇ ಫೈಲಿಗೆ ಕೆಟ್ಟದ್ದು.

ಊರಿಗೆ ಹೊರಡುವ ಮುಂಚೆ ದಿನಾಂಕ, ವಿಮಾನ, ಉಳಿಯುವ ವಿಳಾಸ ಎಲ್ಲ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳಿ. ಅಲ್ಲಿ ಹೋದ ಮೇಲೆ ಅತ್ತೆ ಮನೆ, ಧರ್ಮಸ್ಥಳ ಅಂತ ಕಾರ್ಯಕ್ರಮ ಬದಲಾಗುವುದು ಸಹಜ. ವಿಮಾನ, ದೇಶ, ದಿನಗಳು ಬದಲಾದರೆ ವಾಪಸ್ ಬಂದು ಕೆಲಸದ 5 ದಿನದೊಳಗೆ ಹೇಳಬೇಕು. ಆಫೀಸಿನ ಲ್ಯಾಪ್‌ಟಾಪ್ ಕೇಳದೆ ಕೊಂಡೊಯ್ಯಬೇಡಿ. ಯಾರಾದರೂ ನಿಮ್ಮ ಕೆಲಸದ ಬಗ್ಗೆ ಅತಿಯಾಗಿ ಕೆದಕಿದರೆ, ನೆಂಟರೇ ಆಗಲಿ, ಅದನ್ನೂ ಬಂದು ಹೇಳಿ.

ಪ್ರಶ್ನೆ: ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಭಾರತದ ಕಾನ್ಸುಲ್ ಜನರಲ್ ಅತಿಥಿಯಾಗಿ ಬಂದಿದ್ದರು. ಸಮಿತಿಯಲ್ಲಿದ್ದ ನಾನೇ ಅವರ ಕಚೇರಿಗೆ ಮೇಲ್ ಮಾಡಿ ಕರೆದಿದ್ದೆ. ಫೋಟೋ ಫೇಸ್‌ಬುಕ್‌ನಲ್ಲಿದೆ. ಈಗ ಕ್ಲಿಯರೆನ್ಸ್ ಅರ್ಜಿ ತುಂಬುತ್ತಿದ್ದೇನೆ. ಫೋಟೋ ಅಳಿಸಿಬಿಡಲಾ?
— ಓದುಗ, ಚಿಕಾಗೋ

ಫೋಟೋ ಇರಲಿ. ರಾಜ್ಯೋತ್ಸವ ಮಾಡುವುದು, ಕೂಟದ ಸಮಿತಿಯಲ್ಲಿರುವುದು ನಾಚಿಕೆಪಡುವ ವಿಷಯವೇ ಅಲ್ಲ. ಮಾಮೂಲು ವೀಸಾ ಅರ್ಜಿಗೆ ಕಾನ್ಸುಲೇಟ್‌ಗೆ ಹೋದದ್ದನ್ನು ಬರೆಯಬೇಕಿಲ್ಲ. ಆದರೆ ನೀವೇ ಮೇಲ್ ಮಾಡಿ ಕರೆದದ್ದು ಮಾಮೂಲು ವೀಸಾ ಕೆಲಸ ಅಲ್ಲ. ಕಳೆದ 7 ವರ್ಷದಲ್ಲಿ ಬೇರೆ ಸರ್ಕಾರದ ಪ್ರತಿನಿಧಿಗಳ ಜೊತೆ ಸಂಪರ್ಕ ಇತ್ತಾ ಅನ್ನುವ ಪ್ರಶ್ನೆಗೆ ಹೌದು ಅನ್ನಿ. ಕೂಟದ ಹೆಸರು, ಸಮಾರಂಭದ ದಿನ, ಕರೆದ ಕಾರಣ, ಆಮೇಲೆ ಸಂಪರ್ಕ ಇದೆಯೋ ಇಲ್ಲವೋ ಅನ್ನುವುದನ್ನು ಬರೆಯಿರಿ. ಆ ಮೇಲ್‌ಗಳನ್ನು ಅಳಿಸಬೇಡಿ, ಕೇಳಿದರೆ ತೋರಿಸಬಹುದು. ಸಮಿತಿಯ ಬೇರೆಯವರಿಗೂ ಕ್ಲಿಯರೆನ್ಸ್ ಇದ್ದರೆ ಅವರಿಗೂ ಒಂದು ಮಾತು ಹೇಳಿ. ಮುಂದಿನ ವರ್ಷ ಅತಿಥಿಗಳಿಗೆ ಪತ್ರ ಬರೆಯುವ ಕೆಲಸವನ್ನು ಕ್ಲಿಯರೆನ್ಸ್ ಇಲ್ಲದ ಸದಸ್ಯರೊಬ್ಬರಿಗೆ ವಹಿಸಿ, ಉಳಿದದ್ದನ್ನು ನೀವು ಮಾಡಿ.